ಕರಿಕಲ್ಲಿನ ಹೊಳಪೂ ಗಣಕಯಂತ್ರದ ಚಿತ್ರವೂ

ಗುಂಡ್ಲುಪೇಟೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರು ಹೊಸ ಮನೆಯನ್ನು ಕಟ್ಟಿಸಿ ಗೃಹಪ್ರವೇಶಕ್ಕೆ ನಮ್ಮನ್ನು ಕರೆದಿದ್ದರು. ಮುಂಬಾಗಿಲಿನಿಂದ ಹಿತ್ತಿಲ ಬಾಗಿಲಿನವರೆಗೆ ನೇರವಾಗಿ ಚಾಚಿದ್ದ ನಡುಮನೆಯ ಉದ್ದ ಒಂಬತ್ತು ಮೀಟರು. ನೆಲಕ್ಕೆಲ್ಲ ನಮ್ಮ ಸೀಮೆಯ ಕರಿಕಲ್ಲನ್ನೇ ಹಾಸಿ, ಮುಖ ಕಾಣುವಂತೆ ಪಾಲಿಷ್ ಮಾಡಿಸಿದ್ದರು. ಬೆಳಗಿನ ಒಂಬತ್ತೂವರೆಯ ಹೊತ್ತು. ಹಿತ್ತಿಲ ಬಾಗಿಲು ತೆರೆದಿತ್ತು. ಹೊರಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಮನೆಯ ಹಿರಿಯಜ್ಜಿ ಹೊಸ್ತಿಲನ್ನು ದಾಟಿ ಒಂದು ಹೆಜ್ಜೆ ಇಟ್ಟವರು ಅಲ್ಲಿಯೇ ನಿಂತುಬಿಟ್ಟರು. ‘ನೀರು ಚೆಲ್ಬುಟ್ಟವ್ರಲ್ಲ ಮೊಗ, ವಸಿ ಒರ್ಸ್‌ಬುಡು’ ಎಂದು ಮೊಮ್ಮಗನನ್ನು ಕರೆದು ಹೇಳಿದರು. ನೀರೇನೂ ಇಲ್ಲವೆಂದು ಅವನು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಕಣ್ಣಿಗೆ ಕಂಡ ನೀರನ್ನು ಬಳಸಿಕೊಂಡು ಹೋಗಲು ಗೋಡೆಯ ಕಡೆಗೆ ಓರೆಯಾಗಿ ಹೆಜ್ಜೆ ಹಾಕಿದರು, ಕಾಲು ಜಾರಿತು. ಪಕ್ಕದಲ್ಲಿದ್ದವರು ಹಿಡಿದುಕೊಂಡದ್ದರಿಂದ ಅನಾಹುತವೇನೂ ಆಗಲಿಲ್ಲ.

ಮಯಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ಕೊಳವೆಂದು ಭ್ರಮಿಸಿ ಉಡುಪನ್ನು ಮೇಲೆತ್ತಿಕೊಂಡನೆಂದೂ, ಮುಂದೆ ನಿಜವಾದ ಕೊಳವನ್ನು ನೆಲವೆಂದು ಬಗೆದು ಅದರೊಳಗೆ ಬಿದ್ದನೆಂದೂ ಸಭಾಪರ್ವದಲ್ಲಿ ಬರುವ ಕಥೆಯನ್ನು ವಾಚಕರು ಬಲ್ಲರು. ಅಂದು ನೆರೆದಿದ್ದವರು ಅದನ್ನೇ ನೆನೆದು ನಕ್ಕರು. ನಗದೆ ಇದ್ದವನು ನಮ್ಮ ವಿದ್ಯಾರ್ಥಿಯೊಬ್ಬನೇ. ಅವನು ಬಿ.ಎಸ್ಸಿ. ಮುಗಿಸಿ ಮೈಸೂರಿನಲ್ಲಿ ಮನೆಗಳ ವಿನ್ಯಾಸ ಮಾಡುವವರ ಬಳಿ ಕೆಲಸಕ್ಕೆ ಸೇರಿದ್ದಾನೆ. ಇನ್ನೂ ಕಟ್ಟದಿರುವ ಮನೆಯು ಕಟ್ಟಿದ ಮೇಲೆ ಹೇಗೆ ಕಾಣುವುದೆಂಬುದನ್ನು ಗಣಕಯಂತ್ರದಿಂದ ಚಿತ್ರಿಸಿ ತೋರಿಸುವುದು ಅವನ ಉದ್ಯೋಗ. ಇಂಥ ಚಿತ್ರವನ್ನು ಅವರು ‘ರೆಂಡರ್’ ಎನ್ನುವರು. ನಾವು ಗಣಕಚಿತ್ರವೆಂದು ಕರೆಯೋಣ. ಈ ಮನೆಯ ಗಣಕಚಿತ್ರವನ್ನೂ ಅವನೇ ಮಾಡಿದ್ದನು. ಅದರಲ್ಲಿ ನೆಲವು ಅಮಾವಾಸ್ಯೆಯ ಇರುಳಿನಂತೆ ಒಂದೇ ಸಮನಾಗಿ ಕಪ್ಪಾಗಿತ್ತು. ಅದನ್ನು ನೋಡಿ ಮೆಚ್ಚಿಯೇ ಮನೆಯವರು ಕಲ್ಲನ್ನು ಆರಿಸಿದ್ದರು. ‘ಚಿತ್ರದಲ್ಲಿ ನೀರಿನ ಹಾಗೆ ಕಾಣಲೇ ಇಲ್ಲವಲ್ಲ ಸರ್, ತಪ್ಪು ಎಲ್ಲಿ ಆಯಿತು?’ ಎಂದು ಅವನು ಮರುವಾರ ಚಾಮರಾಜನಗರಕ್ಕೆ ಬಂದು ನಮ್ಮನ್ನು ಕೇಳಿದನು. ಈ ಲೇಖನವು ಅವನ ಪ್ರಶ್ನೆಗೆ ಕೊಟ್ಟ ಉತ್ತರವೇ ಆಗಿದೆ.

ಮೊದಲು ಕಲ್ಲಿನ ವಿಚಾರ. ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಲ್ಲಿ ‘ಕಪ್ಪು ಗ್ರಾನೈಟ್’ ಎಂದು ಮಾರಾಟವಾಗುತ್ತದೆ. ಇದು ವ್ಯಾಪಾರದ ಹೆಸರು ಮಾತ್ರ. ಭೂವಿಜ್ಞಾನಿಗಳು ಇದನ್ನು ಗ್ರಾನೈಟ್ ಎಂದು ಒಪ್ಪುವುದಿಲ್ಲ. ಪುರಾತನ ಶಿಲೆಗಳ ಬಿರುಕಿನೊಳಗೆ ಕರಗಿದ ಶಿಲಾರಸವು ನುಗ್ಗಿ ಗೋಡೆಯಂತೆ ಹೆಪ್ಪುಗಟ್ಟಿದಾಗ ಉಂಟಾದ ಡಾಲರೈಟ್ ಎಂಬ ಶಿಲೆ ಇದು. ಇದರಲ್ಲಿ ಮುಖ್ಯವಾಗಿರುವುವು ಪ್ಲೇಜಿಯೋಕ್ಲೇಸ್ ಮತ್ತು ಪೈರಾಕ್ಸೀನ್ ಎಂಬ ಖನಿಜಗಳು. ಜೊತೆಗೆ ಕಬ್ಬಿಣಯುಕ್ತವಾದ ಕಪ್ಪು ಕಣಗಳು ಅಲ್ಲಲ್ಲಿ ಬೆರೆತಿರುವುವು. ಮೊದಲನೆಯದರ ವಕ್ರೀಭವನಾಂಕವು ಸುಮಾರು 1.56, ಎರಡನೆಯದರದು ಸುಮಾರು 1.7. ಇಡೀ ಕಲ್ಲಿಗೆ ಅಂದಾಜಾಗಿ 1.6 ಎಂದಿಟ್ಟುಕೊಳ್ಳೋಣ. ಈ ಅಂಕವನ್ನು ನಾವು ಮುಂದೆ ಅಳತೆಯ ಪಟ್ಟಿಯೊಂದರಿಂದಲೇ ಕಂಡುಹಿಡಿಯಲಿದ್ದೇವೆ.

ಗಣಿಯಿಂದ ಲಾರಿಯ ಮೇಲೆ ಬರುವ ಕರಿಕಲ್ಲಿನ ದಿಮ್ಮಿಯನ್ನು ನೋಡಿದವರು ಅದನ್ನು ಕಪ್ಪೆಂದು ಹೇಳಲಾರರು. ಅದರ ಮೈ ಬೂದಿಯ ಬಣ್ಣ. ಅದೇ ದಿಮ್ಮಿಯನ್ನು ಹಲಗೆಗಳಾಗಿ ಕೊಯ್ದು, ಪಾಲಿಷ್ ಯಂತ್ರದ ಕೆಳಗೆ ನೀರು ಹಾಯಿಸುತ್ತ, ಮೊದಲು ಒರಟಾದ ಉಜ್ಜುಗಲ್ಲಿನಿಂದ, ಆಮೇಲೆ ಒಂದಕ್ಕಿಂತ ಒಂದು ನಯವಾದುದರಿಂದ ಉಜ್ಜುತ್ತ ಹೋದಂತೆ ಅದು ಕಾಡಿಗೆಯಂತೆ ಕಪ್ಪಾಗುತ್ತದೆ. ಬಣ್ಣವನ್ನು ಯಾರೂ ಬಳಿದಿಲ್ಲ. ಹಾಗಾದರೆ ಕಪ್ಪು ಎಲ್ಲಿಂದ ಬಂತು?

ಗಾಳಿಯಿಂದ ಕಲ್ಲಿನ ಮೇಲೆ ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದ 95 ಪಾಲು ಒಳಹೊಕ್ಕು ಬಹುಮಟ್ಟಿಗೆ ಅಲ್ಲಿಯೇ ಹೀರಿಹೋಗುತ್ತದೆ. ಮೈ ಒರಟಾಗಿದ್ದರೆ ಆ 5 ಪಾಲು ಎಲ್ಲ ದಿಕ್ಕುಗಳಿಗೂ ಚದರುವುದು. ನಾವು ಎಲ್ಲಿ ನಿಂತು ನೋಡಿದರೂ ಅದರಲ್ಲಿ ಒಂದಿಷ್ಟು ಕಣ್ಣಿಗೆ ಬಂದು ಕಲ್ಲಿನ ಮೇಲೆ ಬೂದುಬಣ್ಣದ ತೆಳುಪರದೆಯನ್ನು ಎಳೆದಂತಾಗುವುದು. ಮೈ ನಯವಾಗಿದ್ದರೆ ಅಷ್ಟೇ 5 ಪಾಲು ಒಂದೇ ದಿಕ್ಕಿಗೆ, ಪತನಕೋನಕ್ಕೆ ಸಮನಾದ ಕೋನದಲ್ಲಿ, ಹೊರಟುಹೋಗುವುದು. ಆ ದಿಕ್ಕಿನಲ್ಲಿ ಕಣ್ಣಿದ್ದರೆ ಎದುರಿನ ವಸ್ತುವಿನ ಬಿಂಬ ಕಾಣುವುದು. ಇಲ್ಲದಿದ್ದರೆ ಕಪ್ಪಲ್ಲದೆ ಬೇರೇನೂ ಕಾಣದು. ಪಾಲಿಷಿನಿಂದ ಕಲ್ಲು ಹಿಂದಕ್ಕೆ ಕಳಿಸುವ ಬೆಳಕು ಹೆಚ್ಚುತ್ತದೆಯೆಂದು ಅನೇಕರು ತಿಳಿದಿದ್ದಾರೆ. ಹೆಚ್ಚುವುದು ಬೆಳಕಲ್ಲ, ಚೆಲ್ಲಾಪಿಲ್ಲಿಯಾಗಿ ಹೋಗುತ್ತಿದ್ದ ಬೆಳಕು ಒಂದು ಕಟ್ಟುಪಾಡಿಗೆ ಬರುವುದು ಅಷ್ಟೆ.

ಪಾಲಿಷ್ ಮಾಡದ ಕಲ್ಲಿನ ಮೇಲೆ ನೀರು ಚಿಮುಕಿಸಿದರೂ ಅದು ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನ ವಕ್ರೀಭವನಾಂಕ 1.33. ನೀರಿನಿಂದ ಕಲ್ಲಿಗೆ ಬೆಳಕು ಹೋಗುವಾಗ ವ್ಯತ್ಯಾಸವು ಕಡಿಮೆಯಾಗಿ, ಒರಟು ಮೈಯಿಂದ ಚದರುವ ಪಾಲು ನೂರಕ್ಕೆ 1ಕ್ಕಿಂತಲೂ ಕೆಳಗಿಳಿಯುವುದು. ದೇವಾಲಯಗಳಲ್ಲಿ ಕರಿಕಲ್ಲಿನ ವಿಗ್ರಹಕ್ಕೆ ಎಣ್ಣೆ ಸವರಿದಾಗ ಅದು ನೀರಿನಲ್ಲಿ ನೆನೆದುದಕ್ಕಿಂತಲೂ ಕಪ್ಪಾಗಿ ಕಾಣುವುದಕ್ಕೆ, ಎಣ್ಣೆಯ ವಕ್ರೀಭವನಾಂಕವು 1.47ರ ಆಸುಪಾಸಿನಲ್ಲಿದ್ದು ಕಲ್ಲಿಗೆ ಇನ್ನೂ ಸಮೀಪವಾಗಿರುವುದೇ ಕಾರಣ.

ಇದಕ್ಕೆ ವಿಪರೀತವಾದ ಪ್ರಯೋಗವನ್ನು ಶಿಲಾಫಲಕ ಕೆತ್ತುವವರು ದಿನವೂ ಮಾಡುತ್ತಿರುತ್ತಾರೆ. ಪಾಲಿಷ್ ಮಾಡಿದ ಕರಿಹಲಗೆಯ ಮೇಲೆ ಅಕ್ಷರಗಳನ್ನು ಕೊರೆದರೆ, ಕೊರೆದ ಜಾಗವು ಒರಟಾಗಿ, ಬಣ್ಣ ಹಚ್ಚದೆಯೇ ಬೆಳ್ಳಗೆ ಕಾಣುವುದು. ವಾಷಿಂಗ್ಟನ್ ನಗರದಲ್ಲಿ 1982ರಲ್ಲಿ ಅನಾವರಣವಾದ ವಿಯೆಟ್ನಾಂ ಯೋಧರ ಸ್ಮಾರಕವು ಈ ಎರಡು ಗುಣಗಳ ಮೇಲೆಯೇ ನಿಂತಿದೆ. ಅದನ್ನು ಕಲ್ಪಿಸಿದ ಮಾಯಾ ಲಿನ್ ಆಗ ಇನ್ನೂ ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಅಲ್ಲಿನ ಗೋಡೆಗಳಿಗೆ ಹಾಕಿದ ಕಪ್ಪು ಕಲ್ಲು ನಮ್ಮ ಕರ್ನಾಟಕದಿಂದಲೇ ಹೋದದ್ದು. ಅದರ ಪ್ರತಿಫಲನ ಗುಣಕ್ಕಾಗಿಯೇ ಅದನ್ನು ಆರಿಸಲಾಯಿತು. ಮಡಿದವರ ಐವತ್ತೆಂಟು ಸಾವಿರಕ್ಕೂ ಹೆಚ್ಚು ಹೆಸರುಗಳು ಒರಟುಗೊಳಿಸಿದ ಬೂದು ಅಕ್ಷರಗಳಲ್ಲಿವೆ. ಹೆಸರನ್ನು ಹುಡುಕುತ್ತ ಬಂದವರ ಮುಖವು ಆ ಅಕ್ಷರಗಳ ನಡುವೆಯೇ ಕಾಣುತ್ತದೆ. ಎದುರಿಗೆ ನಿಂತವನಿಗೆ ಹಿಂದಿರುಗುವುದು 5 ಪಾಲು ಬೆಳಕಾದರೂ, ಕಲ್ಲಿನ ಒಳಗಿನಿಂದ ಅದರೊಡನೆ ಸ್ಪರ್ಧಿಸುವ ಬೆಳಕು ಅತ್ಯಲ್ಪವಾದ್ದರಿಂದ, ಮುಖವು ಸ್ಪಷ್ಟವಾಗಿರುತ್ತದೆ. ಸುಣ್ಣ ಬಳಿದ ಗೋಡೆಯನ್ನು ಎಷ್ಟು ನಯ ಮಾಡಿದರೂ ಹೀಗಾಗದು.

ಇಷ್ಟರವರೆಗೆ 5 ಪಾಲು, 5 ಪಾಲು ಎಂದು ಹೇಳುತ್ತ ಬಂದೆವು. ಅಜ್ಜಿಯನ್ನು ಮೋಸಗೊಳಿಸಿದ್ದು ಈ 5 ಪಾಲಲ್ಲ. ಬೆಳಕು ಓರೆಯಾಗಿ ಬಿದ್ದಷ್ಟೂ ಹಿಂದಿರುಗುವ ಪಾಲು ಏರುವುದು. ಎಷ್ಟು ಏರುವುದೆಂಬ ಸೂತ್ರಗಳನ್ನು 1823ರಲ್ಲಿ ಕೊಟ್ಟವನು ಫ್ರಾನ್ಸಿನ ಫ್ರೆನೆಲ್. ಅವನು ವೃತ್ತಿಯಿಂದ ರಸ್ತೆ ಸೇತುವೆಗಳ ಎಂಜಿನಿಯರು. 1827ರಲ್ಲಿ, 39ನೆಯ ವಯಸ್ಸಿಗೇ ತೀರಿಕೊಂಡನು. ಅವನ ಸೂತ್ರಗಳನ್ನು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಾದ ಮೇಲೆ ಮರೆತುಬಿಡುವವರೇ ಬಹಳ. ಮರೆಯದಿರಲು ಒಂದು ಉಪಾಯವುಂಟು: ಕೋನಗಳನ್ನು ಬಿಟ್ಟು ಹೆಜ್ಜೆಗಳಲ್ಲಿ ಲೆಕ್ಕ ಹಾಕಬೇಕು.

ಕಣ್ಣು ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರಲಿ. ನಮ್ಮ ಪಾದದ ಬುಡದಲ್ಲಿ ನೆಲವನ್ನು ನೋಡಿದರೆ ದೃಷ್ಟಿಯು ನೆಲಕ್ಕೆ ಲಂಬವಾಗಿರುವುದು. ಅಲ್ಲಿ ಪ್ರತಿಫಲನವು ನೂರಕ್ಕೆ 5.3. ಒಂದೂವರೆ ಮೀಟರು ಮುಂದಕ್ಕೆ ನೋಡಿದರೆ ಲಂಬದಿಂದ 45 ಡಿಗ್ರಿ, ಪ್ರತಿಫಲನವು 6.4 ಮಾತ್ರ. 2.6 ಮೀಟರು ದೂರದಲ್ಲಿ 60 ಡಿಗ್ರಿ, ಪ್ರತಿಫಲನ 10.5. ಇಲ್ಲಿಯವರೆಗೆ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಆದರೆ ಎಂಟೂವರೆ ಮೀಟರು ದೂರದ ನೆಲವನ್ನು ನೋಡಿದಾಗ ಕೋನವು 80 ಡಿಗ್ರಿಗೆ ಏರಿ, ಪ್ರತಿಫಲನವು 40ಕ್ಕೆ ಹಾರುವುದು. 17 ಮೀಟರಿನಾಚೆ, ಕಲ್ಯಾಣಮಂಟಪದಂಥ ಉದ್ದ ಹಜಾರದಲ್ಲಿ, 85 ಡಿಗ್ರಿಯಾಗಿ ನೂರಕ್ಕೆ 62 ಪಾಲು ಹಿಂದಿರುಗುವುದು. ಒಂದೇ ಗಣಿಯ, ಒಂದೇ ಪಾಲಿಷಿನ ಕಲ್ಲು. ಕಾಲ ಬುಡದಲ್ಲಿ ಕಪ್ಪು, ಹಜಾರದ ತುದಿಯಲ್ಲಿ ಕನ್ನಡಿ. ಕಲ್ಲು ಬದಲಾಗಿಲ್ಲ, ನೋಡುವ ಓರೆ ಬದಲಾಗಿದೆ.

ಪ್ರಸಂಗವಶಾತ್ ಒಂದು ಮಾತು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ತಾರು ರಸ್ತೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಣುವ ‘ನೀರು’ ಇದಲ್ಲ. ಅದು ರಸ್ತೆಯ ಮೇಲಿನ ಕಾದ ಗಾಳಿಯಲ್ಲಿ ಬೆಳಕು ಬಾಗುವುದರಿಂದಾಗುವ ಮರೀಚಿಕೆ. ನಡುಮನೆಯಲ್ಲಿ ಕಂಡದ್ದು ಶುದ್ಧ ಪ್ರತಿಫಲನ.

ಈಗ ಗಣಕಚಿತ್ರಕ್ಕೆ ಬರೋಣ. ಯಂತ್ರವು ಕಲ್ಲನ್ನು ಕಂಡಿಲ್ಲ. ಅದಕ್ಕೆ ಗೊತ್ತಿರುವುದು ಗೋಡೆ, ನೆಲ, ಬಾಗಿಲುಗಳ ಅಳತೆಗಳೂ, ಒಂದೊಂದು ಮೈಗೂ ನಾವು ಬರೆದುಕೊಟ್ಟ ಕೆಲವು ಅಂಕಗಳೂ ಮಾತ್ರ. ಚಿತ್ರದ ಪ್ರತಿಯೊಂದು ಬಿಂದುವಿನ ಮೂಲಕ ಅದು ಕಣ್ಣಿನ ಕಡೆಯಿಂದ ಹೊರಕ್ಕೆ ಒಂದು ಕಿರಣವನ್ನು ಕಳಿಸುವುದು. ಕಿರಣವು ನೆಲಕ್ಕೆ ತಗಲಿದರೆ ಅಲ್ಲಿಂದ ಪ್ರತಿಫಲಿಸಿ ಎಲ್ಲಿಗೆ ಹೋಗುವುದೆಂದು ಹುಡುಕಿ, ಅಲ್ಲಿರುವ ಬೆಳಕನ್ನು ಹೊತ್ತು ತರುವುದು. ಕಣ್ಣಿನಿಂದ ಕಿರಣವು ಹೊರಟು ವಸ್ತುವನ್ನು ಮುಟ್ಟುತ್ತದೆಂದು ನಮ್ಮ ನೈಯಾಯಿಕರೂ ಗ್ರೀಸಿನ ಯೂಕ್ಲಿಡನೂ ಹೇಳುತ್ತಿದ್ದರು. ಭೌತವಿಜ್ಞಾನವು ಆ ಮತವನ್ನು ಎಂದೋ ತಳ್ಳಿಹಾಕಿತು. ಆದರೆ ಬೆಳಕಿನ ಹಾದಿಯು ಹೋಗುವಾಗಲೂ ಬರುವಾಗಲೂ ಒಂದೇ ಆದುದರಿಂದ, ಲೆಕ್ಕಕ್ಕೆ ಈ ಹಿಮ್ಮುಖವಾದ ದಾರಿಯೇ ಅನುಕೂಲ. ದೀಪದಿಂದ ಹೊರಟ ಕಿರಣಗಳಲ್ಲಿ ಕಣ್ಣಿಗೆ ಬಂದು ಸೇರುವುವು ಎಲ್ಲೋ ಕೆಲವು. ಉಳಿದವನ್ನು ಲೆಕ್ಕ ಹಾಕಿ ಫಲವೇನು?

1975ರಲ್ಲಿ ಬುಯಿ ತುವೊಂಗ್ ಫಾಂಗ್ ಎಂಬವನು ಪ್ರಕಟಿಸಿದ ಕ್ರಮದಲ್ಲಿ ಹೊಳೆಯುವ ಮೈಯೆಂದರೆ ದೀಪದ ಬಿಳಿಯ ಚುಕ್ಕೆಯನ್ನು ತೋರುವ ಮೈ ಎಂದಷ್ಟೇ ಅರ್ಥವಿತ್ತು; ಸುತ್ತಲಿನ ಕೋಣೆ ಅದರಲ್ಲಿ ಕಾಣುತ್ತಿರಲಿಲ್ಲ. ಆ ಕಾಲದ ಗಣಕಚಿತ್ರಗಳಲ್ಲಿ ಕಲ್ಲು, ಮರ, ಲೋಹ ಎಲ್ಲವೂ ಪ್ಲಾಸ್ಟಿಕ್ಕಿನಂತೆ ಕಾಣುವುದು ಇದರಿಂದಲೇ. 1980ರಲ್ಲಿ ಟರ್ನರ್ ವಿಟೆಡ್ ಎಂಬ ಅಮೆರಿಕನ್ ಸಂಶೋಧಕನು ಮೇಲೆ ಹೇಳಿದಂತೆ ಕಿರಣಗಳನ್ನು ಒಂದು ಮೈಯಿಂದ ಇನ್ನೊಂದಕ್ಕೆ ಅಟ್ಟಿಸಿಕೊಂಡು ಹೋಗುವ ಕ್ರಮವನ್ನು ಪ್ರಕಟಿಸಿದನು. ಗಾಜಿನ ಗೋಲಗಳಿದ್ದ ಚಿಕ್ಕ ಚಿತ್ರವೊಂದಕ್ಕೆ ಆಗಿನ ಯಂತ್ರವು ಗಂಟೆಗೂ ಹೆಚ್ಚು ಕಾಲ ದುಡಿಯಬೇಕಾಯಿತು. ಇಂದು ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುವ ಸಾಧಾರಣ ಚಿತ್ರದಲ್ಲಿ ಒಟ್ಟು ಬಿಂದುಗಳು ಇಪ್ಪತ್ತು ಲಕ್ಷಕ್ಕೆ ಮೇಲೆ. ಬಿಂದುವಿಗೆ 500 ಕಿರಣಗಳಂತೆ ಕಳಿಸಿದರೂ ನೂರು ಕೋಟಿ ಮೀರುವುದು. ಒಂದೊಂದು ಕಿರಣವೂ ನಾಲ್ಕಾರು ಸಲ ಪುಟಿಯುವುದು ಬೇರೆ. ಯಂತ್ರಕ್ಕೆ ಇದೇನೂ ಭಾರವಲ್ಲ. ಆದರೆ ಕಿರಣವು ನೆಲಕ್ಕೆ ತಗಲಿದಾಗಲೆಲ್ಲ, ತಂದ ಬೆಳಕಿನಲ್ಲಿ ನೂರಕ್ಕೆ ಎಷ್ಟನ್ನು ಉಳಿಸಿಕೊಳ್ಳಬೇಕೆಂದು ಅದು ನಮ್ಮನ್ನು ಕೇಳುವುದು. ನಾವು ತಪ್ಪು ಹೇಳಿದರೆ ನೂರು ಕೋಟಿ ಸಲವೂ ತಪ್ಪಾಗುವುದು.

ಫ್ರೆನೆಲನ ಪೂರ್ಣ ಸೂತ್ರವನ್ನು ಅಷ್ಟು ಸಲ ಬಿಡಿಸುವುದು ಶ್ರಮವೆಂದು 1994ರಲ್ಲಿ ಶ್ಲಿಕ್ ಎಂಬವನು ಒಂದು ಸುಲಭೋಪಾಯವನ್ನು ಸೂಚಿಸಿದನು. 1ರಿಂದ ಪತನಕೋನದ ಕೊಸೈನನ್ನು ಕಳೆದು, ಬಂದುದನ್ನು ಐದನೆಯ ಘಾತಕ್ಕೇರಿಸಿ, ಅದನ್ನು ಲಂಬಪ್ರತಿಫಲನದಲ್ಲಿ ಉಳಿದ ಪಾಲಿನಿಂದ ಗುಣಿಸಿ, ಆ ಲಂಬಪ್ರತಿಫಲನಕ್ಕೆ ಕೂಡಿಸಿದರೆ ಸಾಕು. ನಮ್ಮ ಕಲ್ಲಿಗೆ ಇದನ್ನು ಹಚ್ಚಿದರೆ 80 ಡಿಗ್ರಿಯಲ್ಲಿ 40ಕ್ಕೆ ಬದಲಾಗಿ 42 ಬರುವುದು. 60 ಡಿಗ್ರಿಯಲ್ಲಿ 10.5ಕ್ಕೆ ಬದಲಾಗಿ 8.3. ಕಣ್ಣು ಈ ಅಂತರವನ್ನು ಗುರುತಿಸದು. ಗಣಕಚಿತ್ರದ ಕಾರ್ಯಕ್ರಮಗಳಲ್ಲಿ ಅನೇಕವು ಇದನ್ನೋ ಪೂರ್ಣ ಸೂತ್ರವನ್ನೋ ಒಳಗೇ ಅಡಗಿಸಿಕೊಂಡಿರುತ್ತವೆ. ಕೆಲವುದರಲ್ಲಿ ‘ಫ್ರೆನೆಲ್’ ಎಂಬ ಹೆಸರಿನ ಮುಂದೆ ಚಿಕ್ಕ ಚೌಕವಿದ್ದು, ಅದರಲ್ಲಿ ಗುರುತು ಹಾಕಿದರೆ ಮಾತ್ರ ಓರೆಯ ಲೆಕ್ಕ ನಡೆಯುವುದು.

ನಮ್ಮ ವಿದ್ಯಾರ್ಥಿಯ ಚಿತ್ರದಲ್ಲಿ ಆ ಗುರುತಿರಲಿಲ್ಲ. ಕೇಳಿದಾಗ ಅವನು ಸ್ವಲ್ಪ ನಾಚಿಕೊಂಡೇ ಹೇಳಿದನು: ‘ಮೊದಲು ಹಾಕಿದ್ದೆ ಸರ್. ನಡುಮನೆಯ ಆ ತುದಿಯಲ್ಲಿ ನೆಲವೆಲ್ಲ ಬೆಳ್ಳಗೆ ಕಂಡಿತು. ಕರಿಕಲ್ಲು ಕಪ್ಪಗೆ ಕಾಣದಿದ್ದರೆ ಮನೆಯವರು ಒಪ್ಪುವುದಿಲ್ಲವೆಂದು ತೆಗೆದುಬಿಟ್ಟು, ಎಲ್ಲ ಕಡೆಗೂ 5 ಪಾಲೆಂದು ಕೊಟ್ಟೆ.’ ಯಂತ್ರವು ನಿಜವನ್ನೇ ಹೇಳಿತ್ತು. ಚಿತ್ರವನ್ನು ಚೆಂದ ಮಾಡಲು ಹೋಗಿ ಅದರ ಬಾಯಿ ಕಟ್ಟಲಾಯಿತು. ಈ ಚಾಳಿ ಅವನೊಬ್ಬನದೇ ಅಲ್ಲ. ಮಾರುವ ಚಿತ್ರಕ್ಕೂ ತಿಳಿಸುವ ಚಿತ್ರಕ್ಕೂ ಇರುವ ಭೇದವನ್ನು ಈ ಉದ್ಯೋಗದವರು ಹಲವರು ಮರೆತಂತಿದೆ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಚಿತ್ರದಲ್ಲಿಯೂ ಹಿತ್ತಿಲ ಬಾಗಿಲು ತೆರೆದಿತ್ತು. ಅದರಾಚೆ ತೋಟದ ಫೋಟೋ ಒಂದನ್ನು ಅಂಟಿಸಿದ್ದನು. ಸಾಮಾನ್ಯ ಫೋಟೋದಲ್ಲಿ ಅತಿ ಬಿಳುಪಿಗೆ 255 ಎಂಬ ಅಂಕ, ಅದರಿಂದಾಚೆಗೆ ಇಲ್ಲ. ಮನೆಯೊಳಗಿನ ಬಿಳಿಗೋಡೆಯೂ 255ರ ಸಮೀಪ, ಹೊರಗಿನ ಬಿಸಿಲೂ 255. ವಾಸ್ತವದಲ್ಲಿ ನಡುಹಗಲ ಬಿಸಿಲಿನ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಮನೆಯೊಳಗೆ 200 ಲಕ್ಸ್ ಇದ್ದರೆ ಹೆಚ್ಚು. ಹೊರಗಿನ ಬಿಳಿಗೋಡೆಯು ಒಳಗಿನ ಬಿಳಿಗೋಡೆಗಿಂತ 500 ಮಡಿ ಉಜ್ಜ್ವಲವಾಗಿರುವುದು. ಅದರಲ್ಲಿ ನೂರಕ್ಕೆ 18 ಪಾಲು ಪ್ರತಿಫಲಿಸಿದರೂ ನೆಲದ ಮೇಲಿನ ಬಿಂಬವು ಒಳಗೋಡೆಯ 90 ಮಡಿಯಾಗುವುದು. ಫೋಟೋದ 255ರಲ್ಲಿ 18 ಪಾಲು ತೆಗೆದರೆ ಉಳಿಯುವುದು ಮಂಕು ಬೂದಿ. ಆದ್ದರಿಂದ ಹೊಳೆಯುವ ಮೈಯನ್ನು ಚಿತ್ರಿಸುವವನು ಕಲ್ಲಿನ ಅಂಕವನ್ನು ಸರಿಯಾಗಿ ಕೊಟ್ಟರೆ ಸಾಲದು; ಕಲ್ಲು ಏನನ್ನು ಪ್ರತಿಫಲಿಸಬೇಕೋ ಅದರ ಬೆಳಕನ್ನೂ ನಿಜವಾದ ಪ್ರಮಾಣದಲ್ಲಿ ಕೊಡಬೇಕು. ಬೇರೆ ಬೇರೆ ಅವಧಿಯವರೆಗೆ ಬೆಳಕು ಬಿಟ್ಟು ತೆಗೆದ ಹಲವು ಫೋಟೋಗಳನ್ನು ಕೂಡಿಸಿ ಈ ಪ್ರಮಾಣವನ್ನು ಉಳಿಸಿಕೊಳ್ಳುವ ಒಂದು ಕ್ರಮವನ್ನು ಡೆಬೆವೆಕ್ ಮತ್ತು ಮಲಿಕ್ 1997ರಲ್ಲಿ ತೋರಿಸಿಕೊಟ್ಟರು. ಮರುವರ್ಷವೇ ಡೆಬೆವೆಕ್ ಅಂಥ ಫೋಟೋಗಳಿಂದ ಗಣಕಚಿತ್ರಗಳಿಗೆ ಬೆಳಕು ಕೊಟ್ಟನು.

ಮೂರನೆಯದು ಕಣ್ಣಿನ ಸ್ಥಾನ. ಕೋಣೆ ವಿಶಾಲವಾಗಿ ಕಾಣಲೆಂದು ಚಿತ್ರವನ್ನು ಚಾವಣಿಯ ಮೂಲೆಯಿಂದ ಕೆಳಕ್ಕೆ ನೋಡಿದಂತೆ ತೆಗೆದಿದ್ದನು. ಮನೆಯಲ್ಲಿ ಅಲ್ಲಿ ನಿಂತು ನೋಡುವುದು ಹಲ್ಲಿಯೊಂದೇ! ಅಜ್ಜಿಯ ಕಣ್ಣು ನೆಲದಿಂದ 1.4 ಮೀಟರಿನಲ್ಲಿತ್ತು, ಹಿತ್ತಿಲ ಬಾಗಿಲಿನ ಎತ್ತರ 2.1 ಮೀಟರು, ದೂರ 9 ಮೀಟರು. ಸಮರೂಪ ತ್ರಿಭುಜಗಳಿಂದ ನೋಡಿದರೆ ಬಾಗಿಲ ಮೇಲಂಚಿನ ಬಿಂಬವು ಅವರಿಂದ 3.6 ಮೀಟರು ದೂರದ ನೆಲದಲ್ಲಿ ಬೀಳುವುದು. ಅಲ್ಲಿಂದ ಬಾಗಿಲವರೆಗೂ ಒಂದೇ ಬೆಳಕಿನ ಪಟ್ಟೆ. ಅದರ ಹತ್ತಿರದ ಅಂಚಿನಲ್ಲಿ ಕೋನವು 69 ಡಿಗ್ರಿ, ಪ್ರತಿಫಲನ 18 ಪಾಲು; ದೂರದ ಅಂಚಿನಲ್ಲಿ 81 ಡಿಗ್ರಿ, 44 ಪಾಲು. ಮೂರೂವರೆ ಮೀಟರಿನಾಚೆ ನೀರು ಹರವಿದಂತೆ ಕಾಣದೆ ಇನ್ನು ಹೇಗೆ ಕಂಡೀತು? ಅಜ್ಜಿಯ ಕಣ್ಣಿನಲ್ಲಿ ದೋಷವಿರಲಿಲ್ಲ.

ಲೆಕ್ಕಕ್ಕೆಲ್ಲ ಆಧಾರವಾದ 1.6 ಎಂಬ ಅಂಕವನ್ನು ಅಳೆದು ನೋಡಬೇಕೆಂದು ನಾವು ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗಳೊಡನೆ, ಕರಿಕಲ್ಲು ಹಾಸಿದ ಒಂದು ಪಡಸಾಲೆಯಲ್ಲಿ ಪ್ರಯೋಗ ಮಾಡಿದೆವು. ವಾಚಕರೂ ಇದನ್ನು ಮಾಡಬಹುದು. ಬೇಕಾದುದು ಪೋಲರಾಯ್ಡ್ ಗಾಜಿನ ಒಂದು ತಂಪು ಕನ್ನಡಕ ಮತ್ತು ಅಳತೆಯ ಪಟ್ಟಿ. 1808ರಲ್ಲಿ ಪ್ಯಾರಿಸಿನ ಮಾಲಸ್ ಎಂಬವನು ಎದುರಿನ ಅರಮನೆಯ ಕಿಟಕಿಯಲ್ಲಿ ಪ್ರತಿಫಲಿಸಿದ ಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿ, ಪ್ರತಿಫಲಿತ ಬೆಳಕು ಧ್ರುವೀಕೃತವಾಗಿರುವುದನ್ನು ಕಂಡನು. ಒಂದು ನಿರ್ದಿಷ್ಟ ಕೋನದಲ್ಲಿ ಈ ಧ್ರುವೀಕರಣವು ಪೂರ್ಣವಾಗಿರುವುದೆಂದೂ, ಆ ಕೋನದ ಟ್ಯಾಂಜೆಂಟ್ ವಕ್ರೀಭವನಾಂಕಕ್ಕೆ ಸಮವೆಂದೂ 1815ರಲ್ಲಿ ಬ್ರೂಸ್ಟರ್ ತೋರಿಸಿದನು. ಪೋಲರಾಯ್ಡ್ ಕನ್ನಡಕವು ನೆಲದಿಂದ ಬರುವ ಅಂಥ ಬೆಳಕನ್ನು ತಡೆಯುವುದು. ಕನ್ನಡಕ ಹಾಕಿಕೊಂಡು, ಎದುರಿನ ಬೆಳಕಾದ ಗೋಡೆಯ ಬಿಂಬವನ್ನು ನೆಲದಲ್ಲಿ ನೋಡುತ್ತ ಹಿಂದೆ ಮುಂದೆ ನಡೆದರೆ, ಬಿಂಬವು ಅಳಿಸಿಹೋಗಿ ಕಲ್ಲು ಕಡುಕಪ್ಪಾಗಿ ಕಾಣುವ ಒಂದು ಜಾಗ ಸಿಕ್ಕುವುದು. ಪಾದದಿಂದ ಆ ಜಾಗಕ್ಕೆ ಇರುವ ದೂರವನ್ನು ಕಣ್ಣಿನ ಎತ್ತರದಿಂದ ಭಾಗಿಸಿದರೆ ಬರುವುದೇ ಆ ಕೋನದ ಟ್ಯಾಂಜೆಂಟ್, ಎಂದರೆ ಕಲ್ಲಿನ ವಕ್ರೀಭವನಾಂಕ! ಒಂದೂವರೆ ಮೀಟರು ಎತ್ತರದ ಕಣ್ಣಿಗೆ ನಮಗೆ 2.4 ಮೀಟರು ದೂರ ಸಿಕ್ಕಿತು. ಭಾಗಿಸಿದರೆ 1.6. ಎತ್ತರ ಬೇರೆಬೇರೆಯಾಗಿದ್ದ ಹುಡುಗ ಹುಡುಗಿಯರಿಗೆ ದೂರಗಳು ಬೇರೆಬೇರೆ ಬಂದರೂ, ಭಾಗಲಬ್ಧವು 1.56ಕ್ಕೂ 1.63ಕ್ಕೂ ನಡುವೆಯೇ ನಿಂತಿತು. ಕಿರಣದ ಲೆಕ್ಕವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಮೂಡದ ಉತ್ಸಾಹವು ಅಂದು ತರಗತಿಯಲ್ಲಿ ಮೂಡಿತ್ತು.

ಬ್ಲೆಂಡರ್ ಮೊದಲಾದ ಕಾರ್ಯಕ್ರಮಗಳಲ್ಲಿ ಈ ಅಂಕವನ್ನು ಬರೆಯಲು ‘ಐ.ಒ.ಆರ್.’ ಎಂಬ ಜಾಗವಿರುವುದು. ಅದರ ಪಕ್ಕದಲ್ಲಿರುವ ಲೋಹದ ಅಂಕವನ್ನು ಕರಿಕಲ್ಲಿಗೆ ಸೊನ್ನೆಯಾಗಿಯೇ ಇಡಬೇಕು. ಹಿತ್ತಾಳೆಯ ಚೊಂಬಿನಲ್ಲಿ ಬಿಳಿ ಬೆಳಕೂ ಹಳದಿಯಾಗಿ ಪ್ರತಿಫಲಿಸುವುದು. ಕಲ್ಲು ಲೋಹವಲ್ಲವಾದ್ದರಿಂದ, ಕಲ್ಲಿನ ಬಣ್ಣ ಏನೇ ಇದ್ದರೂ ಅದರ ಪ್ರತಿಫಲನಕ್ಕೆ ಬಣ್ಣವಿಲ್ಲ. ಒರಟುತನಕ್ಕೂ ಒಂದು ಅಂಕವುಂಟು. ಮೈಯನ್ನು ಎತ್ತೆತ್ತಲೋ ವಾಲಿರುವ ಅಸಂಖ್ಯ ಸೂಕ್ಷ್ಮ ಕನ್ನಡಿಗಳ ಸಮೂಹವೆಂದು ಭಾವಿಸಿ, ಅವುಗಳ ವಾಲಿಕೆಯ ಹರಹನ್ನು ಆ ಅಂಕವು ಹೇಳುವುದು. ಪೂರ್ಣ ಸೊನ್ನೆಯನ್ನು ಕೊಟ್ಟರೆ ಚಿತ್ರ ಸುಳ್ಳಾಗುವುದು. ಧೂಳು, ಕಾಲ ಗುರುತು, ಒರೆಸಿದ ಬಟ್ಟೆಯ ಗೆರೆ ಇಲ್ಲದ ನೆಲ ಯಾವ ಮನೆಯಲ್ಲಿದೆ?

ವಿದ್ಯಾರ್ಥಿಯು ಫ್ರೆನೆಲಿನ ಗುರುತನ್ನು ಮತ್ತೆ ಹಾಕಿ, 1.6ನ್ನು ಬರೆದು, ಹಿತ್ತಿಲಿಗೆ ಬಿಸಿಲಿನ ನಿಜವಾದ ಪ್ರಮಾಣವನ್ನು ಕೊಟ್ಟು, ಕಣ್ಣನ್ನು ಹೊಸ್ತಿಲ ಬಳಿ 1.4 ಮೀಟರಿನಲ್ಲಿಟ್ಟು ಚಿತ್ರವನ್ನು ಹೊಸದಾಗಿ ತೆಗೆದನು. ಮೂರೂವರೆ ಮೀಟರಿನಾಚೆಯಿಂದ ಬಾಗಿಲಿನವರೆಗೆ ನೀರು ನಿಂತಂತೆ ಪಟ್ಟೆ ಕಂಡಿತು. ಅದನ್ನು ಮನೆಗೆ ಕೊಂಡುಹೋಗಿ ತೋರಿಸಿದಾಗ ಅಜ್ಜಿ, ‘ಇದ್ರಲ್ಲೂ ಚೆಲ್ಬುಟ್ಟಿದ್ದೀಯಲ್ಲ ಮೊಗ’ ಎಂದರಂತೆ.

ಪರಿಹಾರವೇನೆಂಬುದನ್ನೂ ಚಿತ್ರದಲ್ಲಿಯೇ ಪರೀಕ್ಷಿಸಬಹುದಾಗಿತ್ತು. ಪಾಲಿಷನ್ನು ಅರ್ಧಕ್ಕೆ ನಿಲ್ಲಿಸಿ ಮಂಕು ಮೈಯನ್ನು ಉಳಿಸಿಕೊಂಡರೆ ಸಾಕೆಂದು ಮೊದಲು ತೋರುವುದು. ಆದರೆ ಇಲ್ಲಿಯೂ ಓರೆಯು ಕೈಕೊಡುವುದು. ಉಬ್ಬುತಗ್ಗುಗಳ ಎತ್ತರವು ಬೆಳಕಿನ ತರಂಗಮಾನವನ್ನು ಕೊಸೈನಿನ ಎಂಟರಷ್ಟರಿಂದ ಭಾಗಿಸಿದುದಕ್ಕಿಂತ ಕಡಿಮೆಯಿದ್ದರೆ ಮೈಯು ಕನ್ನಡಿಯಂತೆ ವರ್ತಿಸುವುದೆಂದು ರ‍್ಯಾಲೆಯ ನಿಯಮ. ನೆಟ್ಟಗೆ ನೋಡಿದಾಗ ಈ ಮಿತಿಯು ಮೈಕ್ರೋಮೀಟರಿನ 0.07, 80 ಡಿಗ್ರಿಯಲ್ಲಿ 0.4. ಎಂದರೆ, ಕಾಲ ಬುಡದಲ್ಲಿ ಮಂಕಾಗಿರುವ ಕಲ್ಲು ದೂರದಲ್ಲಿ ಮತ್ತೆ ಹೊಳೆಯಬಲ್ಲದು. ಕಣ್ಣಿಗೆ ಕಾಣುವಷ್ಟು ಏರುತಗ್ಗನ್ನು ಉಳಿಸುವ, ಕಲ್ಲಿನವರು ‘ಲೆದರ್ ಫಿನಿಷ್’ ಎನ್ನುವ ಮೈಯೇ ಇಲ್ಲಿ ಹೆಚ್ಚು ಉಪಯುಕ್ತ. ಹಿಡಿತವಿರುವುದರಿಂದ ಕಾಲು ಜಾರುವುದೂ ಕಡಿಮೆ. ಗುಂಡ್ಲುಪೇಟೆಯ ಮನೆಯಲ್ಲಿ ನೆಲವನ್ನು ಕೀಳಿಸಲು ಯಾರೂ ಒಪ್ಪಲಿಲ್ಲ. ಮೂರು ಮೀಟರಿನಿಂದ ಹಿತ್ತಿಲ ಬಾಗಿಲಿನವರೆಗೆ ಒಂದು ಜಮಖಾನವನ್ನು ಹಾಸಿದ್ದಾರೆ. ಚಾಮರಾಜನಗರದಲ್ಲಿ ಈಗ ಕಟ್ಟುತ್ತಿರುವ ಇನ್ನೊಂದು ಮನೆಯ ಚಿತ್ರವನ್ನು ವಿದ್ಯಾರ್ಥಿಯು ಎರಡು ಎತ್ತರಗಳಿಂದ ತೆಗೆದು ತೋರಿಸಿದ್ದಾನೆ. ಅವರು ಹಜಾರಕ್ಕೆ ಲೆದರ್ ಫಿನಿಷನ್ನೇ ಆರಿಸಿದರು.

ಆಸಕ್ತರಾದ ವಾಚಕರಿಗೆ ಒಂದು ಲೆಕ್ಕ. ಅದೇ ಮನೆಗೆ 1.7 ಮೀಟರು ಉದ್ದದ ಕರಿಕಲ್ಲಿನ ಊಟದ ಮೇಜೂ ಬರಲಿದೆ. ಅದರ ಎತ್ತರ 75 ಸೆಂಟಿಮೀಟರು, ಆಚೆಯ ತುದಿಯಲ್ಲಿ ಕಿಟಕಿ. ನಿಂತು ಬಡಿಸುವವರ ಕಣ್ಣು ನೆಲದಿಂದ ಒಂದೂವರೆ ಮೀಟರು. ಕುಳಿತು ಉಣ್ಣುವ ಮಗುವಿನ ಕಣ್ಣು ಮೇಜಿನಿಂದ 30 ಸೆಂಟಿಮೀಟರು ಮೇಲೆ. ಮೇಜಿನ ಆಚೆಯ ಅಂಚಿನಲ್ಲಿ ಬಡಿಸುವವರಿಗೆ ನೂರಕ್ಕೆ 15 ಪಾಲು, ಮಗುವಿಗೆ 40 ಪಾಲು ಬೆಳಕು ಬರುವುದು ಹೇಗೆಂಬುದನ್ನು ಮೇಲಿನ ಕ್ರಮದಿಂದ ಸಾಧಿಸಿ ನೋಡಬಹುದು. ಶ್ಲಿಕ್‌ನ ಸುಲಭೋಪಾಯವನ್ನು ಬಳಸುವವರಿಗೆ ಮೊದಲನೆಯದು ಒಂದೆರಡು ಪಾಲು ಕಡಿಮೆ ಬರುವುದು.